ನೋಟು ರದ್ದಾದಾಗ ಯಾವ ವಲಯದ ಷೇರಿಗೆ ಎಷ್ಟು ಪೆಟ್ಟು: ನೀವೇ ಲೆಕ್ಕ ಹಾಕುವ ಬಗೆ

2016ರ ನವೆಂಬರ್ 11, ಶುಕ್ರವಾರ. ಬೆಳಿಗ್ಗೆ ಭಾವನ ಜೊತೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಭಾವ ರೀಲರ್. ಗೂಡು ಕೊಂಡು, ನೂಲು ಬಿಚ್ಚಿಸಿ, ನೂಲು ಮಾರಿ ಬಂದ ಹಣದಲ್ಲಿ ಮತ್ತೆ ಗೂಡು ಕೊಳ್ಳುವುದು ಅವರ ದಿನಚರಿ. ಆಗ ಈ ಹಣವೆಲ್ಲ ಬಹುಪಾಲು ನಗದಿನಲ್ಲೇ ಕೈ ಬದಲಾಗುತ್ತಿತ್ತು. ಅಂದು ಅವರ ಚೀಲದಲ್ಲಿ ಹಳೆಯ ಐನೂರರ ಕಟ್ಟುಗಳಿದ್ದವು, ತೆಗೆದುಕೊಳ್ಳುವವರಿರಲಿಲ್ಲ. ಹಳದಿ ಗೂಡಿನ ರಾಶಿಯ ಮುಂದೆ ಕುಳಿತಿದ್ದ ರೈತರೊಬ್ಬರು ಭಾವನಿಗೆ ಹೇಳಿದರು: “ನೋಟು ರದ್ದಾದದ್ದು ಹುಳಕ್ಕೆ ಗೊತ್ತಿಲ್ಲ ಸ್ವಾಮಿ. ಇನ್ನು ನಾಲ್ಕು ದಿನ ಬಿಟ್ಟರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಆಮೇಲೆ ಇದನ್ನು ಯಾರು ಮುಟ್ಟುತ್ತಾರೆ?”

ಗೂಡನ್ನು ಉದ್ದರಿಯ ಮೇಲೆ ಕೊಟ್ಟು ಅವರು ಊರಿಗೆ ಹೋದರು. ಭಾವ ಮನೆಗೆ ಬಂದವರೇ, ಮಗನಿಗೆಂದು ಮಾತಾಡಿಟ್ಟಿದ್ದ ಮೋಟಾರ್ ಬೈಕನ್ನು ಯುಗಾದಿಗೆ ನೋಡೋಣ ಎಂದು ಮುಂದೂಡಿದರು. ಅದೇ ದಿನ ಮುಂಬೈಯಲ್ಲಿ, ದೊಡ್ಡ ಕಂಪನಿಗಳ ಷೇರು ಬೆಲೆಯ ಏರಿಳಿತ ತೋರಿಸುವ ಸೂಚ್ಯಂಕವಾದ ನಿಫ್ಟಿ 229 ಅಂಶ ಕುಸಿಯಿತು.

ಚಿಕ್ಕಬಳ್ಳಾಪುರದಲ್ಲಿ ವಾಣಿಜ್ಯ ಪಾಠ ಹೇಳುವ ನನಗೆ ಷೇರು ಪೇಟೆಯ ಮೇಲೆ ನೋಟು ರದ್ದತಿಯ ಪರಿಣಾಮವನ್ನು ವಿವರಿಸಲು ಈ ಎರಡು ದೃಶ್ಯಗಳಿಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ನಗದು ಇಲ್ಲವಾದದ್ದು ಎಲ್ಲರಿಗೂ ಒಂದೇ ರಾತ್ರಿ. ಆದರೆ ಗೂಡು ಕಾಯುವುದಿಲ್ಲ, ಬೈಕು ಕಾಯುತ್ತದೆ. ಒಂದು ಉದ್ಯಮಕ್ಕೆ ಆದ ನಷ್ಟ ಹೋದದ್ದೇ, ಇನ್ನೊಂದಕ್ಕೆ ಆದದ್ದು ಬರೀ ತಡ. ಷೇರು ಬೆಲೆ ಮೊದಲ ದಿನ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ. ಅದನ್ನು ಲೆಕ್ಕದಿಂದ ಹೊರಗೆಳೆಯುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಮೊಬೈಲಿನಲ್ಲಿ ಡಿಮ್ಯಾಟ್ ಖಾತೆ ತೆರೆದು ಷೇರು ಕೊಳ್ಳುವವರು ಈಗ ನಮ್ಮ ತಾಲ್ಲೂಕುಗಳಲ್ಲೂ ಬಹಳ ಮಂದಿ ಇದ್ದಾರೆ. ಒಂದು ಕಂಪ್ಯೂಟರ್, ಒಂದು ಸ್ಪ್ರೆಡ್‌ಶೀಟ್ ಮತ್ತು ಒಂದು ಭಾನುವಾರ ಇದ್ದರೆ ಯಾರಾದರೂ ಇದನ್ನು ಮಾಡಬಹುದು.

ಮೊದಲ ಹೆಜ್ಜೆ: ದಿನವನ್ನು ಸರಿಯಾಗಿ ಗುರುತಿಸಿ

ಇದು ಸುಲಭದ ಕೆಲಸದಂತೆ ಕಾಣುತ್ತದೆ, ಆದರೆ ನನ್ನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಇಲ್ಲೇ ತಪ್ಪುತ್ತಾರೆ. ಪ್ರಧಾನಿ ನರೇಂದ್ರ ಮೋದಿಯವರು 500 ಮತ್ತು 1,000 ರೂಪಾಯಿ ನೋಟುಗಳು ಮಧ್ಯರಾತ್ರಿಯಿಂದ ಚಲಾವಣೆಯಲ್ಲಿ ಇರುವುದಿಲ್ಲ ಎಂದು ಘೋಷಿಸಿದ್ದು 2016ರ ನವೆಂಬರ್ 8ರ ರಾತ್ರಿ. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಸುಮಾರು ಶೇ 86ರಷ್ಟು ಆ ಎರಡು ನೋಟುಗಳಲ್ಲೇ ಇತ್ತು. ಷೇರು ಪೇಟೆ ಮುಚ್ಚುವುದು ಮಧ್ಯಾಹ್ನ ಮೂರೂವರೆಗೆ. ಹಾಗಾಗಿ 8ನೇ ತಾರೀಖಿನ ಬೆಲೆಗೆ ಈ ಸುದ್ದಿಯ ಗಾಳಿಯೂ ಸೋಕಿಲ್ಲ. ಲೆಕ್ಕದ ‘ಸೊನ್ನೆಯ ದಿನ’ ನವೆಂಬರ್ 9, ಬುಧವಾರ. 8ರ ಮುಕ್ತಾಯದ ಬೆಲೆ ನಿಮ್ಮ ಬುನಾದಿ.

ಆ ಬುಧವಾರ ನಡೆದದ್ದನ್ನು ನೋಡಿ. ಹಿಂದಿನ ದಿನ 27,591.14ರಲ್ಲಿ ಮುಗಿದಿದ್ದ, ಮುಂಬೈ ಷೇರು ಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಬೆಳಗಿನ ವಹಿವಾಟಿನಲ್ಲಿ 25,902.45ರವರೆಗೆ ಇಳಿಯಿತು. ಸುಮಾರು 1,689 ಅಂಶ, ಅಂದರೆ ಶೇ 6ಕ್ಕೂ ಹೆಚ್ಚು. ಸಂಜೆ ಪೇಟೆ ಮುಚ್ಚುವ ಹೊತ್ತಿಗೆ 27,252.53ಕ್ಕೆ ಬಂದು ನಿಂತಿತ್ತು. ದಿನದ ಒಟ್ಟು ನಷ್ಟ 338.61 ಅಂಶ, ಶೇ 1.23 ಮಾತ್ರ. ಅದೇ ಬೆಳಿಗ್ಗೆ ನನ್ನ ಸಹೋದ್ಯೋಗಿಯೊಬ್ಬರು ತಮ್ಮ ಮಧ್ಯವರ್ತಿ ಕಚೇರಿಯಿಂದ ಬಂದ ಕರೆಗೆ ಹೆದರಿ, ಹತ್ತು ವರ್ಷ ಕೂಡಿಟ್ಟಿದ್ದ ಷೇರುಗಳನ್ನು ಒಂದೇ ಏಟಿಗೆ ಮಾರಿಬಿಟ್ಟರು. ಮಾರಬಾರದಿತ್ತು ಎಂದು ಈಗ ಹೇಳುವುದು ಸುಲಭ. ಆದರೆ ಅಂದು ಅವರ ಬಳಿ ‘ನನ್ನ ಷೇರಿಗೂ ಈ ನೋಟಿಗೂ ಏನು ಸಂಬಂಧ’ ಎಂದು ಕೇಳಿಕೊಳ್ಳಲು ಒಂದು ಪ್ರಶ್ನಾವಳಿಯೂ ಇರಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಇಂದಿಗೂ ಸಂಕಟವಾಗುತ್ತದೆ.

ಎರಡನೆಯದು: ಬೆಲೆಪಟ್ಟಿ

ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಸೂಚ್ಯಂಕಗಳ ಜಾಲತಾಣದಲ್ಲಿ ನಿಫ್ಟಿ, ನಿಫ್ಟಿ ರಿಯಾಲ್ಟಿ (ಮನೆ, ನಿವೇಶನ), ನಿಫ್ಟಿ ಆಟೊ, ನಿಫ್ಟಿ ಐಟಿ, ನಿಫ್ಟಿ ಫಾರ್ಮಾ, ನಿಫ್ಟಿ ಎಫ್‌ಎಂಸಿಜಿ (ಸೋಪು, ಬಿಸ್ಕತ್ತಿನಂಥ ದಿನಬಳಕೆಯ ಸರಕು), ನಿಫ್ಟಿ ಪಿಎಸ್‌ಯು ಬ್ಯಾಂಕ್ (ಸರ್ಕಾರಿ ಬ್ಯಾಂಕುಗಳು) ಮುಂತಾದವುಗಳ ಹಳೆಯ ದೈನಂದಿನ ಮುಕ್ತಾಯದ ಅಂಕಿಗಳು ಉಚಿತವಾಗಿ ಸಿಗುತ್ತವೆ. 2016ರ ಏಪ್ರಿಲ್‌ನಿಂದ 2017ರ ಜನವರಿ ಕೊನೆಯವರೆಗೆ ಇಳಿಸಿಕೊಳ್ಳಿ. ಒಂದೊಂದು ಕಂಪನಿಯನ್ನೇ ನೋಡುವುದಾದರೆ ಬೋನಸ್, ಷೇರು ವಿಭಜನೆಗಳಿಗೆ ಸರಿಹೊಂದಿಸಿದ ಬೆಲೆಯನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ವಿಭಜನೆಯಾದ ದಿನ ಷೇರು ಅರ್ಧಕ್ಕೆ ಬಿದ್ದಂತೆ ಕಾಣುತ್ತದೆ.

ಪ್ರತಿ ದಿನದ ಪ್ರತಿಫಲವೆಂದರೆ ಇಂದಿನ ಬೆಲೆಯಲ್ಲಿ ನಿನ್ನೆಯದನ್ನು ಕಳೆದು, ನಿನ್ನೆಯದರಿಂದ ಭಾಗಿಸಿ, ನೂರರಿಂದ ಗುಣಿಸುವುದು. ನಿಫ್ಟಿ ನವೆಂಬರ್ 8ರಂದು 8,543.55, 9ರಂದು 8,432.00. ಇಳಿಕೆ ಶೇ 1.31. 10ರಂದು 8,525.75ಕ್ಕೆ ಏರಿತು, ಶೇ 1.11. 11ರಂದು 8,296.30, ಇಳಿಕೆ ಶೇ 2.69. ಶನಿವಾರ, ಭಾನುವಾರ ಕಳೆದು ಸೋಮವಾರ ಗುರುನಾನಕ್ ಜಯಂತಿಯ ರಜೆ. ಮಂಗಳವಾರ 15ರಂದು 8,108.45, ಮತ್ತೆ ಶೇ 2.26 ಇಳಿಕೆ. ನಾಲ್ಕು ವಹಿವಾಟಿನ ದಿನಗಳಲ್ಲಿ ಒಟ್ಟು ಇಳಿಕೆ ಶೇ 5.09. ದಿನದಿನದ ಶೇಕಡಾವನ್ನು ಸುಮ್ಮನೆ ಕೂಡಿದರೆ 5.15 ಬರುತ್ತದೆ. ಸಣ್ಣ ವ್ಯತ್ಯಾಸ, ಗಾಬರಿಯಾಗಬೇಡಿ. ಪ್ರತಿ ದಿನದ ಶೇಕಡಾ ಬೇರೆ ಬೇರೆ ಬುನಾದಿಯ ಮೇಲೆ ನಿಂತಿರುವುದರಿಂದ ಹೀಗಾಗುತ್ತದೆ.

ಆದರೆ ಇದನ್ನು ಗಮನಿಸಿ: ಮೊದಲ ದಿನದ ಇಳಿಕೆಗಿಂತ ಮೂರನೆಯ ಮತ್ತು ನಾಲ್ಕನೆಯ ದಿನದ ಇಳಿಕೆ ಹೆಚ್ಚು. ಒಂದೇ ದಿನವನ್ನು ನೋಡಿ ತೀರ್ಮಾನಕ್ಕೆ ಬಂದವರು ಮುಖ್ಯವಾದದ್ದನ್ನೇ ಬಿಟ್ಟಂತಾಗುತ್ತದೆ.

ಮೂರನೆಯದು: ಸಹಜವಾಗಿ ಎಷ್ಟು ಇಳಿಯಬೇಕಿತ್ತು?

ಲೆಕ್ಕದ ಜೀವ ಇರುವುದು ಇಲ್ಲಿ. ಪೇಟೆಯೇ ಶೇ 1.31 ಇಳಿದ ದಿನ ನಿಮ್ಮ ಷೇರೂ ಇಳಿದರೆ ಅಷ್ಟೂ ಇಳಿಕೆಯನ್ನು ಆ ಉದ್ಯಮದ ಹಣೆಗೆ ಕಟ್ಟಲಾಗದು. ಪೇಟೆಯ ಜೊತೆ ಅದು ಸಾಮಾನ್ಯ ದಿನಗಳಲ್ಲಿ ಎಷ್ಟು ಏರಿಳಿಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಈ ಗುಣಕ್ಕೆ ಬೀಟಾ ಎನ್ನುತ್ತಾರೆ. ಪೇಟೆ ಶೇ 1ರಷ್ಟು ಅಲುಗಿದರೆ ಈ ಷೇರು ಶೇ 1.5ರಷ್ಟು ಅಲುಗುತ್ತದೆ ಎಂದಾದರೆ ಬೀಟಾ 1.5.

ಬೀಟಾ ಕಂಡುಹಿಡಿಯಲು ಘಟನೆಗೆ ಮುಂಚಿನ ಸುಮಾರು 120 ವಹಿವಾಟು ದಿನಗಳನ್ನು ತೆಗೆದುಕೊಳ್ಳಿ. ಘಟನೆಯ ಹಿಂದಿನ ದಿನದವರೆಗೂ ಬರಬೇಡಿ, ಎರಡು ವಾರ ಮೊದಲೇ ನಿಲ್ಲಿಸಿ. ಸುದ್ದಿ ಎಲ್ಲಾದರೂ ಸೋರಿದ್ದರೆ ಅದು ನಿಮ್ಮ ‘ಸಾಮಾನ್ಯ’ದ ಅಳತೆಯನ್ನು ಕೆಡಿಸಬಾರದು. ಇಲ್ಲಿ ಮೇ ಮೊದಲ ವಾರದಿಂದ ಅಕ್ಟೋಬರ್ ಮೂರನೇ ವಾರದ ಹೊತ್ತಿಗೆ ಆಗುತ್ತದೆ. ಹೀಗೆ ಮಾಡಿದರೆ ದೀಪಾವಳಿಯ ಮುಹೂರ್ತ ವಹಿವಾಟಿನ ತೊಡಕೂ ತಪ್ಪುತ್ತದೆ. ಆ ವರ್ಷ ಅದು ಅಕ್ಟೋಬರ್ 30ರ ಭಾನುವಾರ, ಒಂದು ಗಂಟೆಯಷ್ಟೇ ನಡೆದದ್ದು. ಅದನ್ನು ಇಡೀ ದಿನದ ಸಾಲಿನಲ್ಲಿ ಸೇರಿಸುವುದು ಸರಿಯಲ್ಲ.

ಸ್ಪ್ರೆಡ್‌ಶೀಟಿನಲ್ಲಿ ‘ಸ್ಲೋಪ್’ ಎಂಬ ಸೂತ್ರಕ್ಕೆ ಮೊದಲು ಷೇರಿನ ಪ್ರತಿಫಲದ ಸಾಲು, ಆಮೇಲೆ ನಿಫ್ಟಿಯ ಸಾಲು ಕೊಟ್ಟರೆ ಬೀಟಾ ಬರುತ್ತದೆ. ‘ಇಂಟರ್‌ಸೆಪ್ಟ್’ ಎಂಬ ಸೂತ್ರ ಕೊಡುವ ಚಿಕ್ಕ ಅಂಕಿ, ಪೇಟೆ ಅಲುಗದ ದಿನವೂ ಆ ಷೇರು ಸರಾಸರಿ ಎಷ್ಟು ಏರುತ್ತದೆ ಅಥವಾ ಇಳಿಯುತ್ತದೆ ಎನ್ನುವುದನ್ನು ಹೇಳುತ್ತದೆ. ನಿರೀಕ್ಷಿತ ಪ್ರತಿಫಲವೆಂದರೆ ಆ ಚಿಕ್ಕ ಅಂಕಿಗೆ ಬೀಟಾ ಮತ್ತು ಪೇಟೆಯ ಪ್ರತಿಫಲದ ಗುಣಲಬ್ಧವನ್ನು ಕೂಡಿಸಿದ್ದು. ನಿಜವಾಗಿ ಆದದ್ದರಿಂದ ಇದನ್ನು ಕಳೆದರೆ ಉಳಿಯುವುದು ಅಸಹಜ ಪ್ರತಿಫಲ.

ಲೆಕ್ಕ ತಿಳಿಯಲು ಎರಡು ಕಂಪನಿಗಳನ್ನು ಕಲ್ಪಿಸಿಕೊಳ್ಳೋಣ. ಒಂದು ಮನೆ ಕಟ್ಟಿ ಮಾರುವ ಕಂಪನಿ, ಬೀಟಾ 1.5. ಚಿಕ್ಕ ಅಂಕಿ ಸೊನ್ನೆ ಎಂದಿಟ್ಟುಕೊಳ್ಳಿ. ನವೆಂಬರ್ 9ರಂದು ಅದು ಸಹಜವಾಗಿ ಇಳಿಯಬೇಕಿದ್ದದ್ದು 1.5 ಗುಣಿಸು 1.31, ಅಂದರೆ ಶೇ 1.97. ಇಳಿದದ್ದು ಶೇ 12 ಎಂದಾದರೆ ಅಸಹಜ ಇಳಿಕೆ ಶೇ 10.03. ಇನ್ನೊಂದು ಸೋಪು ಮಾಡುವ ಕಂಪನಿ, ಬೀಟಾ 0.6. ಸಹಜ ಇಳಿಕೆ ಶೇ 0.79. ಇಳಿದದ್ದು ಶೇ 2.1 ಆದರೆ ಅಸಹಜ ಇಳಿಕೆ ಶೇ 1.31.

ಎರಡನೆಯದೂ ಪೆಟ್ಟು ತಿಂದಿದೆ ಎಂದು ಬರೆದುಕೊಳ್ಳುವ ಮೊದಲು ಇನ್ನೊಂದು ಅಂಕಿ ಬೇಕು. ಆ 120 ದಿನಗಳ ಪ್ರತಿ ದಿನಕ್ಕೂ ಹೀಗೆಯೇ ಅಸಹಜ ಪ್ರತಿಫಲ ತೆಗೆದು, ಅವುಗಳ ಪ್ರಮಾಣ ವಿಚಲನೆಯನ್ನು (ಸ್ಟ್ಯಾಂಡರ್ಡ್ ಡೀವಿಯೇಷನ್) ಲೆಕ್ಕ ಹಾಕಿ. ಏನೂ ವಿಶೇಷವಿಲ್ಲದ ದಿನಗಳಲ್ಲೂ ಈ ಷೇರು ಎಷ್ಟು ತೂಗಾಡುತ್ತದೆ ಎಂಬ ಅಳತೆ ಅದು. ಮನೆ ಕಂಪನಿಯದು 2.2, ಸೋಪಿನ ಕಂಪನಿಯದು 1.1 ಎಂದುಕೊಳ್ಳಿ. ಮೊದಲನೆಯದರ ಇಳಿಕೆ ತನ್ನ ತೂಗಾಟದ ನಾಲ್ಕೂವರೆ ಪಟ್ಟು. ಎರಡನೆಯದರದು ಒಂದು ಪಟ್ಟಿಗಿಂತ ತುಸು ಹೆಚ್ಚು. ಎರಡು ಪಟ್ಟು ದಾಟದ ಇಳಿಕೆಗೆ ನಾನು ಕಾರಣ ಹುಡುಕುವುದಿಲ್ಲ, ನೀವೂ ಹುಡುಕಬೇಡಿ. ನಾಲ್ಕು ದಿನಗಳ ಅಸಹಜ ಪ್ರತಿಫಲ ಕೂಡಿಸಿದ್ದರೆ ಒಂದು ದಿನದ ವಿಚಲನೆಯನ್ನು ನಾಲ್ಕರ ವರ್ಗಮೂಲದಿಂದ, ಅಂದರೆ ಎರಡರಿಂದ ಗುಣಿಸಿ ಹೋಲಿಸಬೇಕು.

ಈ ವಿಧಾನದಲ್ಲಿ ಒಂದು ಕೊರತೆ ಇದೆ, ಅದನ್ನು ಮುಚ್ಚಿಡಬಾರದು. ನೋಟು ರದ್ದತಿ ಒಂದು ಕಂಪನಿಯನ್ನು ತಟ್ಟಿದ ಘಟನೆಯಲ್ಲ, ಇಡೀ ಪೇಟೆಯನ್ನೇ ತಟ್ಟಿದ್ದು. ನಿಫ್ಟಿಯ ಇಳಿಕೆಯಲ್ಲೇ ಅದರ ಪಾಲು ಸೇರಿಕೊಂಡಿದೆ. ನಿಫ್ಟಿಯನ್ನು ಕಳೆದಾಗ ಆ ಪಾಲೂ ಹೋಗಿಬಿಡುತ್ತದೆ. ಹಾಗಾಗಿ ನಿಮಗೆ ಸಿಗುವ ಉತ್ತರ ‘ಉಳಿದವರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ’ ಎಂಬುದೇ ಹೊರತು ‘ಒಟ್ಟು ಎಷ್ಟು’ ಎಂಬುದಲ್ಲ. ಅದಕ್ಕೇ ನಾನು ಎರಡು ಕಂಬಸಾಲು ಇಡುತ್ತೇನೆ: ಒಂದು ಬರೀ ಪ್ರತಿಫಲ, ಇನ್ನೊಂದು ಅಸಹಜ ಪ್ರತಿಫಲ. ಬ್ಯಾಂಕುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಿಫ್ಟಿಯಲ್ಲಿ ಹಣಕಾಸು ಕಂಪನಿಗಳದೇ ದೊಡ್ಡ ಪಾಲು, ಅವುಗಳನ್ನು ನಿಫ್ಟಿಗೆ ಹೋಲಿಸಿದರೆ ಅರ್ಧ ತಮ್ಮನ್ನು ತಮಗೇ ಹೋಲಿಸಿದಂತೆ. ನಿಫ್ಟಿ 500ರಂಥ ಅಗಲವಾದ ಸೂಚ್ಯಂಕ ಇದಕ್ಕೆ ಮೇಲು.

ನಾಲ್ಕನೆಯದು: ಅಮೆರಿಕದ ಚುನಾವಣೆಯನ್ನು ಬೇರ್ಪಡಿಸಿ

ನವೆಂಬರ್ 9ರ ಬೆಳಿಗ್ಗೆ ನಮ್ಮ ಪೇಟೆ ತೆರೆಯುವ ಹೊತ್ತಿಗೇ ಡೊನಾಲ್ಡ್ ಟ್ರಂಪ್ ಗೆಲ್ಲುತ್ತಿದ್ದಾರೆ ಎಂಬ ಸುದ್ದಿಯೂ ಬರುತ್ತಿತ್ತು. ಯಾರೂ ಹೆಚ್ಚು ನಿರೀಕ್ಷಿಸಿರದ ಫಲಿತಾಂಶ. ಜಪಾನಿನ ನಿಕ್ಕೈ ಸೂಚ್ಯಂಕ ಅಂದು ಶೇ 5ಕ್ಕೂ ಹೆಚ್ಚು ಬಿತ್ತು. ಅಲ್ಲಿ ಯಾವ ನೋಟೂ ರದ್ದಾಗಿರಲಿಲ್ಲ. ಹೀಗಿರುವಾಗ ನಮ್ಮ ಪೇಟೆಯ ಬೆಳಗಿನ ಕುಸಿತವನ್ನೆಲ್ಲ ನೋಟಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಬೇರ್ಪಡಿಸಲು ನಾನು ಬಳಸುವ ಉಪಾಯ ಸರಳ. ಭಾರತದ ನಗದಿಗೂ ತಮ್ಮ ವ್ಯಾಪಾರಕ್ಕೂ ಹೆಚ್ಚು ಸಂಬಂಧವಿಲ್ಲದ ಕಂಪನಿಗಳನ್ನು ಸಾಕ್ಷಿಯಾಗಿ ಕರೆಯಿರಿ. ಐಟಿ ಕಂಪನಿಗಳ ಗ್ರಾಹಕರು ಹೊರದೇಶದವರು, ಬಿಲ್ಲು ಡಾಲರಿನಲ್ಲಿ. ಚಿಂತಾಮಣಿಯ ಎಟಿಎಂನಲ್ಲಿ ಹಣವಿಲ್ಲದಿದ್ದರೆ ಅವುಗಳಿಗೆ ಏನೂ ಆಗಬೇಕಿಲ್ಲ. ಆದರೂ ಅಂದು ಐಟಿ ಷೇರುಗಳು ಬಿದ್ದವು. ವೀಸಾ ನಿಯಮ ಬಿಗಿಯಾದೀತು ಎಂಬ ಅಂಜಿಕೆ ಅದು, ಟ್ರಂಪ್ ಅವರದೇ ಪರಿಣಾಮ. ಅಮೆರಿಕಕ್ಕೆ ಮಾತ್ರೆ ಮಾರುವ ದೊಡ್ಡ ಔಷಧ ಕಂಪನಿಗಳ ಷೇರುಗಳು ಏರಿದವು. ಔಷಧ ಬೆಲೆಗೆ ಕಡಿವಾಣ ಹಾಕುವ ಮಾತಾಡಿದ್ದ ಹಿಲರಿ ಕ್ಲಿಂಟನ್ ಸೋತದ್ದೇ ಅದಕ್ಕೆ ಕಾರಣ. ಈ ಎರಡು ವಲಯಗಳ ಏರಿಳಿತವನ್ನು ನೋಟು ರದ್ದತಿಯ ‘ಪರಿಣಾಮ’ ಎಂದು ಪಟ್ಟಿಯಲ್ಲಿ ಹಾಕಿರುವ ಬರಹಗಳನ್ನು ನಾನು ಕಂಡಿದ್ದೇನೆ. ಅದು ತಪ್ಪು.

ನಂತರದ ವಾರಗಳಲ್ಲಿ ಡಾಲರ್ ಬಲವಾಯಿತು, ಅಮೆರಿಕದ ಬಾಂಡುಗಳ ಬಡ್ಡಿ ಏರಿತು, ವಿದೇಶಿ ಹೂಡಿಕೆದಾರರು ಭಾರತದಲ್ಲಿ ಮಾರಿದರು. 11ರ ಮತ್ತು 15ರ ಇಳಿಕೆಯಲ್ಲಿ ಇದಕ್ಕೂ ಪಾಲಿದೆ. ಬೇರೆ ಒಂದು ಬೆಳೆಯುತ್ತಿರುವ ದೇಶದ ಸೂಚ್ಯಂಕವನ್ನು ಅದೇ ದಿನಗಳಿಗೆ ಪಕ್ಕದಲ್ಲಿಟ್ಟರೆ ಎಷ್ಟು ಪಾಲು ಎಂಬುದರ ಅಂದಾಜು ಸಿಗುತ್ತದೆ.

ಐದನೆಯದು: ಪ್ರತಿ ವಲಯಕ್ಕೂ ಮೂರು ಪ್ರಶ್ನೆ

ಅಂಕಿಗಳು ಬಂದ ಮೇಲೆ ಅವಕ್ಕೆ ಅರ್ಥ ಕೊಡಬೇಕು. ಶಿಡ್ಲಘಟ್ಟದಲ್ಲಿ ಕಂಡದ್ದು ಇಲ್ಲಿ ನೆರವಿಗೆ ಬರುತ್ತದೆ. ಇಲ್ಲಿ ಮಾರಾಟ ನಗದಿನಲ್ಲಿ ಎಷ್ಟು ನಡೆಯುತ್ತದೆ? ಗಿರಾಕಿ ಕೊಳ್ಳುವುದನ್ನು ಮುಂದೂಡಬಹುದೇ, ಮುಂದೂಡಿದ್ದು ಮರಳಿ ಬರುತ್ತದೆಯೇ? ಜನರ ಕೈಯಿಂದ ಹೊರಟ ನಗದು ಕೊನೆಗೆ ಯಾರ ಮನೆ ಸೇರಿತು?

ಮನೆ ಮತ್ತು ನಿವೇಶನದ ವ್ಯವಹಾರದಲ್ಲಿ ಮೊದಲ ಪ್ರಶ್ನೆಯ ಉತ್ತರ ನಮ್ಮೆಲ್ಲರಿಗೂ ಗೊತ್ತು. ನೋಂದಣಿಯ ಬೆಲೆ ಒಂದು, ಕೈಗೆ ಕೊಡುವುದು ಇನ್ನೊಂದು. ತುಮಕೂರಿನ ಬಡಾವಣೆಯಿರಲಿ, ದೇವನಹಳ್ಳಿ ದಾರಿಯ ಸೈಟಿರಲಿ, ಉಪನೋಂದಣಾಧಿಕಾರಿ ಕಚೇರಿಯ ಹೊರಗೆ ಚೀಲ ಕೈ ಬದಲಾಗುವುದನ್ನು ಕಾಣದವರು ಕಡಿಮೆ. ಹಾಗಾಗಿ ರಿಯಾಲ್ಟಿ ಸೂಚ್ಯಂಕ ಮೊದಲ ದಿನವೇ ಶೇ 10ಕ್ಕೂ ಹೆಚ್ಚು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಪಟ್ಟಿಯಲ್ಲಿರುವ ಕಂಪನಿಗಳು ಬಹುಪಾಲು ಬ್ಯಾಂಕ್ ಸಾಲದ ಮೇಲೆ ಫ್ಲಾಟ್ ಮಾರುವ ದೊಡ್ಡವು. ಮನೆ ಕೊಳ್ಳುವುದನ್ನು ಜನ ಮುಂದೂಡುತ್ತಾರೆ, ಬಿಡುವುದಿಲ್ಲ. ಬ್ಯಾಂಕಿಗೆ ಹರಿದ ಠೇವಣಿಯಿಂದ ಬಡ್ಡಿ ಇಳಿಯಿತು: 2017ರ ಜನವರಿ 1ರಂದು ಭಾರತೀಯ ಸ್ಟೇಟ್ ಬ್ಯಾಂಕ್ ಸಾಲದ ಬಡ್ಡಿಗೆ ಆಧಾರವಾದ ತನ್ನ ಎಂಸಿಎಲ್‌ಆರ್ ದರವನ್ನು 0.9 ಶೇಕಡಾ ಅಂಶದಷ್ಟು ತಗ್ಗಿಸಿತು. ಮೊದಲ ದಿನ ಎಲ್ಲರಿಗಿಂತ ಹೆಚ್ಚು ಬಿದ್ದ ನಿಫ್ಟಿ ರಿಯಾಲ್ಟಿ 2017ರ ಒಂದೇ ವರ್ಷದಲ್ಲಿ ಎರಡು ಪಟ್ಟಿಗೂ ಹೆಚ್ಚಾಯಿತು. ಅದಕ್ಕೆ ಬೇರೆ ಕಾರಣಗಳೂ ಸೇರಿವೆ, ಅದು ಬೇರೆ ಮಾತು. ಆದರೆ ನವೆಂಬರ್ 9ರ ಇಳಿಕೆಯನ್ನೇ ಶಾಶ್ವತ ಹಾನಿಯ ಅಳತೆ ಎಂದು ನಂಬಿದವರು ಏನು ಕಳೆದುಕೊಂಡರು ಎಂಬುದು ಇದರಿಂದ ತಿಳಿಯುತ್ತದೆ.

ದ್ವಿಚಕ್ರ ವಾಹನಗಳದು ಭಾವನ ಬೈಕಿನ ಕಥೆ. ಹಳ್ಳಿಯ ಗಿರಾಕಿ, ಕೈಯಲ್ಲಿ ನಗದು, ತುರ್ತಿಲ್ಲದ ಖರೀದಿ. 2016ರ ಡಿಸೆಂಬರ್‌ನಲ್ಲಿ ದೇಶದ ದ್ವಿಚಕ್ರ ವಾಹನ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ 22ರಷ್ಟು ಕುಸಿಯಿತು. ಯುಗಾದಿಗೆ ಭಾವ ಬೈಕು ಕೊಂಡರು. ಹೋಟೆಲಿನ ಊಟ, ಬಸ್ ಪ್ರಯಾಣ, ಸಿನಿಮಾ ಟಿಕೆಟು ಹೀಗಲ್ಲ. ನವೆಂಬರಿನಲ್ಲಿ ತಿನ್ನದ ದೋಸೆಯನ್ನು ಮಾರ್ಚಿನಲ್ಲಿ ಯಾರೂ ಎರಡಾಗಿ ತಿನ್ನುವುದಿಲ್ಲ.

ಸೋಪು, ಎಣ್ಣೆ, ಬಿಸ್ಕತ್ತುಗಳಲ್ಲಿ ಗಿರಾಕಿಗಿಂತ ನಡುವಿನ ಸರಪಳಿಗೆ ತೊಂದರೆ ಹೆಚ್ಚು. ಪಟ್ಟಣದ ಸಗಟು ಅಂಗಡಿಯವರು ನಗದಿನಲ್ಲಿ ಕೊಂಡು ಹಳ್ಳಿ ಅಂಗಡಿಗೆ ನಗದಿನಲ್ಲಿ ಮಾರುವವರು. ಅವರು ದಾಸ್ತಾನು ತಗ್ಗಿಸಿದರೆ ಕಂಪನಿಯ ಮಾರಾಟ ತಗ್ಗುತ್ತದೆ. ಹಿಂದೂಸ್ತಾನ್ ಯುನಿಲಿವರ್‌ನ ಮಾರಾಟದ ಪ್ರಮಾಣ ಆ ಡಿಸೆಂಬರ್ ತ್ರೈಮಾಸಿಕದಲ್ಲಿ ಶೇ 4ರಷ್ಟು ಇಳಿಯಿತು. ಚಿನ್ನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ನಗದು, ಮದುವೆ, ಮುಂದೂಡಿಕೆ ಎಲ್ಲವೂ ಅಲ್ಲಿವೆ. ರಸೀದಿ ಕೊಟ್ಟು ಮಾರುವ ದೊಡ್ಡ ಅಂಗಡಿಗಳಿಗೆ ಮುಂದೆ ಅದರಿಂದ ಲಾಭವೇ ಆಯಿತು. ಟೈಟನ್ ಷೇರು 2017ರಲ್ಲಿ ಎರಡು ಪಟ್ಟಿಗೂ ಹೆಚ್ಚು ಏರಿತು.

ಬ್ಯಾಂಕುಗಳಿಗೆ ಮೂರನೆಯ ಪ್ರಶ್ನೆ ಮುಖ್ಯ. ನಗದೆಲ್ಲ ಹೋಗಿ ಸೇರಿದ್ದು ಅವುಗಳ ತಿಜೋರಿಗೆ. ಮೊದಲ ದಿನವೇ ಸರ್ಕಾರಿ ಬ್ಯಾಂಕುಗಳ ಸೂಚ್ಯಂಕ ಪೇಟೆಗೆ ವಿರುದ್ಧವಾಗಿ ಏರಿತು. ಆದರೆ ಇಲ್ಲಿ ಒಳಘಟನೆಗಳನ್ನು ಗುರುತಿಸದಿದ್ದರೆ ಲೆಕ್ಕ ಕಲಸಿಹೋಗುತ್ತದೆ. ನವೆಂಬರ್ 26ರ ಶನಿವಾರ ರಿಸರ್ವ್ ಬ್ಯಾಂಕು, ಸೆಪ್ಟೆಂಬರ್ 16ರಿಂದ ನವೆಂಬರ್ 11ರವರೆಗೆ ಹೆಚ್ಚಿದ ಠೇವಣಿಯನ್ನು ಬ್ಯಾಂಕುಗಳು ಪೂರ್ತಿಯಾಗಿ ಬಡ್ಡಿಯಿಲ್ಲದೆ ತನ್ನಲ್ಲೇ ಇಡಬೇಕೆಂದು ಆದೇಶಿಸಿತು. ಡಿಸೆಂಬರ್ 7ರಂದು ಅದನ್ನು ಹಿಂತೆಗೆದುಕೊಳ್ಳುವುದಾಗಿ ಹೇಳಿತು, ಆದರೆ ಅದೇ ದಿನ ಎಲ್ಲರೂ ಕಾಯುತ್ತಿದ್ದ ಬಡ್ಡಿ ಕಡಿತ ಮಾಡಲಿಲ್ಲ, ರೆಪೊ ದರ (ಬ್ಯಾಂಕುಗಳಿಗೆ ಸಾಲ ಕೊಡುವಾಗ ಅದು ಹಾಕುವ ಬಡ್ಡಿ) ಶೇ 6.25ರಲ್ಲೇ ಉಳಿಯಿತು. ಬ್ಯಾಂಕಿನ ಷೇರಿಗೆ ಇವು ಬೇರೆ ಬೇರೆ ಸೊನ್ನೆಯ ದಿನಗಳು. ನವೆಂಬರ್ 28ರ ಸೋಮವಾರಕ್ಕೆ ಒಂದು, ಡಿಸೆಂಬರ್ 7ಕ್ಕೆ ಒಂದು ಲೆಕ್ಕ ಬೇರೆಯಾಗಿಯೇ ಹಾಕಿ.

ಕಿರುಸಾಲದ ಕಂಪನಿಗಳನ್ನು ಬ್ಯಾಂಕುಗಳ ಜೊತೆ ಒಂದೇ ಸಾಲಿನಲ್ಲಿ ಇಡಲೇಬೇಡಿ. ನಮ್ಮ ಬೀದಿಯಲ್ಲಿ ವಾರಕ್ಕೊಮ್ಮೆ ಮಹಿಳಾ ಸಂಘದ ಹೆಂಗಸರು ಒಂದು ಜಗುಲಿಯಲ್ಲಿ ಸೇರಿ ಕಂತು ಕಟ್ಟುತ್ತಾರೆ. ಮಡಿಚಿದ ನೂರು, ಐವತ್ತರ ನೋಟುಗಳು, ಪಾಸ್‌ಬುಕ್ಕಿನಲ್ಲಿ ಸಹಿ. ಆ ನವೆಂಬರಿನಲ್ಲಿ ಜಗುಲಿಯ ಮೇಲೆ ಜನ ಇದ್ದರು, ನೋಟು ಇರಲಿಲ್ಲ. ಈ ಕಂಪನಿಗಳ ಸಾಲ ಕೊಡುವುದೂ ವಸೂಲೂ ನಗದಿನಲ್ಲೇ ನಡೆಯುತ್ತಿತ್ತು, ಷೇರುಗಳು ಬಲವಾಗಿ ಕುಸಿದವು. ಕಂತು ಒಮ್ಮೆ ತಪ್ಪಿದರೆ ಕಟ್ಟುವ ಅಭ್ಯಾಸವೇ ತಪ್ಪುತ್ತದೆ ಎಂಬ ಭಯ ಅದರ ಹಿಂದಿತ್ತು. 2009ರಲ್ಲಿ ಕೋಲಾರದಲ್ಲೇ ಕಿರುಸಾಲದ ಮರುಪಾವತಿ ನಿಂತು ದೊಡ್ಡ ಬಿಕ್ಕಟ್ಟಾಗಿದ್ದುದನ್ನು ಕಂಡಿರುವ ನಮಗೆ ಆ ಭಯ ಸುಳ್ಳೆನಿಸುವುದಿಲ್ಲ.

ಆರನೆಯದು: ಮರಳಿದ ದಿನವನ್ನು ಬರೆಯಿರಿ

ಪ್ರತಿ ವಲಯದ ಮುಂದೆ ಒಂದು ತಾರೀಖು ಬರೆಯಿರಿ: ನವೆಂಬರ್ 8ರ ಮಟ್ಟವನ್ನು ಅದು ಮತ್ತೆ ದಾಟಿದ್ದು ಯಾವಾಗ? ನಿಫ್ಟಿ ಡಿಸೆಂಬರ್ 26ರಂದು 7,908.25ಕ್ಕೆ ಇಳಿದಿತ್ತು, ಬುನಾದಿಗಿಂತ ಶೇ 7.4 ಕೆಳಗೆ. 2017ರ ಜನವರಿ 25ರಂದು 8,602.75ರಲ್ಲಿ ಮುಗಿದು ಹಳೆಯ ಮಟ್ಟವನ್ನು ಮೀರಿತು. ಸುಮಾರು ಹನ್ನೊಂದು ವಾರ. ಯಾವ ವಲಯ ಇದಕ್ಕಿಂತ ಬೇಗ ಬಂತು, ಯಾವುದು ತಡವಾಯಿತು ಎಂಬ ಈ ಒಂದು ಕಂಬಸಾಲು, ಮೊದಲ ದಿನದ ಅಂಕಿಗಿಂತ ನನಗೆ ಹೆಚ್ಚು ಹೇಳಿದೆ. ಜನವರಿಯ ಆಚೆಗೆ ಮಾತ್ರ ಎಚ್ಚರದಿಂದಿರಿ. ಫೆಬ್ರುವರಿ 1ರ ಬಜೆಟ್, ಜುಲೈ 1ರ ಜಿಎಸ್‌ಟಿ ಬಂದ ಮೇಲೆ ಯಾವುದು ಯಾವುದರ ಪರಿಣಾಮ ಎಂದು ಬಿಡಿಸುವುದು ಕಷ್ಟ.

ಪಟ್ಟಿಯಲ್ಲಿ ಇಲ್ಲದವರು

ಭಾವನ ಬಿಚ್ಚಣಿಕೆ ಘಟಕ ಯಾವ ಸೂಚ್ಯಂಕದಲ್ಲೂ ಇಲ್ಲ. ಆ ಚಳಿಗಾಲ ನೀರು ಕಾಯಿಸುವ ಒಲೆ ಹನ್ನೆರಡು ದಿನ ಆರಿತ್ತು, ಕೆಲಸದ ಹೆಂಗಸರು ಮನೆಯಲ್ಲೇ ಇದ್ದರು. ಕೋಲಾರದ ಟೊಮೆಟೊ ಮಂಡಿಯ ಹಮಾಲರು, ತಿಪಟೂರಿನ ಕೊಬ್ಬರಿ ಸಗಟಿನ ಚಿಕ್ಕ ವರ್ತಕರು ಯಾರೂ ಷೇರು ಪೇಟೆಯಲ್ಲಿಲ್ಲ. ಒಂದು ವಲಯದ ಷೇರು ಏರಿದರೆ ಆ ಉದ್ಯಮದ ಎಲ್ಲರಿಗೂ ಒಳಿತಾಯಿತು ಎಂದು ತಿಳಿಯಬೇಡಿ. ಚಿಕ್ಕವನ ಅಂಗಡಿಯ ಗಿರಾಕಿ ದೊಡ್ಡವನ ಅಂಗಡಿಗೆ ಹೋದದ್ದೂ ಅದಕ್ಕೆ ಕಾರಣವಿರಬಹುದು, ಒಡವೆ ವ್ಯಾಪಾರದಲ್ಲಿ ಹಾಗೆ ಆಯಿತು. ಹೂಡಿಕೆಯ ದೃಷ್ಟಿಯಿಂದಲೂ ಇದು ಉಪಯೋಗದ ಮಾಹಿತಿ. ನಿಮ್ಮ ಪಟ್ಟಿಯಲ್ಲಿ ‘ಈ ಕಂಪನಿಯ ಪ್ರತಿಸ್ಪರ್ಧಿಗಳಲ್ಲಿ ನಗದಿನ ಮೇಲೆ ನಿಂತ ಚಿಕ್ಕವರು ಎಷ್ಟು’ ಎಂಬ ಸಾಲನ್ನೂ ಸೇರಿಸಿ. ಇದಕ್ಕೆ ಜಾಲತಾಣ ಬೇಡ, ನಿಮ್ಮೂರಿನ ಪೇಟೆ ಬೀದಿಯಲ್ಲಿ ಒಂದು ಸುತ್ತು ಹೋಗಿ ಕೇಳಿದರೆ ಸಾಕು.

ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು

ಕಲಿತದ್ದನ್ನು ಒರೆಗೆ ಹಚ್ಚಲು ಇನ್ನೊಂದು ಘಟನೆ ಕೈಯಲ್ಲೇ ಇದೆ. 2023ರ ಮೇ 19ರ ಶುಕ್ರವಾರ ಸಂಜೆ ರಿಸರ್ವ್ ಬ್ಯಾಂಕು 2,000 ರೂಪಾಯಿ ನೋಟುಗಳನ್ನು ಚಲಾವಣೆಯಿಂದ ಹಿಂಪಡೆಯುವುದಾಗಿ ಪ್ರಕಟಿಸಿತು. ಸೊನ್ನೆಯ ದಿನ ಮೇ 22, ಸೋಮವಾರ. ಅಂದು ಸೆನ್ಸೆಕ್ಸ್ 61,729.68ರಿಂದ 61,963.68ಕ್ಕೆ ಏರಿತು. ಆ ನೋಟುಗಳು ಚಲಾವಣೆಯ ಮೌಲ್ಯದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟೇ ಇದ್ದವು, ಕಾನೂನು ಮಾನ್ಯತೆ ರದ್ದಾಗಲಿಲ್ಲ, ಬದಲಾಯಿಸಲು ಸೆಪ್ಟೆಂಬರ್ 30ರವರೆಗೆ ಸಮಯ ಕೊಟ್ಟು ಆಮೇಲೆ ಅಕ್ಟೋಬರ್ 7ರವರೆಗೆ ವಿಸ್ತರಿಸಿದರು. ಆ ಸೋಮವಾರಕ್ಕೂ ಇದೇ ಸ್ಪ್ರೆಡ್‌ಶೀಟಿನಲ್ಲಿ ತಾರೀಖುಗಳನ್ನು ಮಾತ್ರ ಬದಲಿಸಿ, ರಿಯಾಲ್ಟಿ, ಆಟೊ, ಸರ್ಕಾರಿ ಬ್ಯಾಂಕುಗಳ ಅಸಹಜ ಪ್ರತಿಫಲವನ್ನು ತೆಗೆಯಿರಿ. 2016ರ ಕಂಬಸಾಲಿನ ಪಕ್ಕದಲ್ಲೇ ಅದನ್ನು ಇಟ್ಟು, ಎರಡು ಪಟ್ಟು ತೂಗಾಟವನ್ನು ದಾಟಿದ ಅಂಕಿಗಳಿಗೆ ಮಾತ್ರ ಕೆಂಪು ಬಣ್ಣ ಹಚ್ಚಿ.